ಥೇರೀಗಾಥೆಯೂ ಭಿಕ್ಷುಣಿಯರ ಉಪಸಂಪದೆಯೂ

೧

ಪ್ರಾಚೀನ ಗ್ರಂಥಗಳ ವಿಮರ್ಶೆಯು ವಿದ್ವಾಂಸರು ತಮ್ಮ ತಮ್ಮೊಳಗೆ ಆಡಿಕೊಳ್ಳತಕ್ಕ ಮಾತೆಂದೂ ಲೋಕದ ವ್ಯವಹಾರಕ್ಕೂ ಅದಕ್ಕೂ ಸಂಬಂಧವಿಲ್ಲವೆಂದೂ ಭಾವಿಸುವವರು ಅನೇಕರುಂಟು. ಯಾವ ಸೂತ್ರವು ಹಳೆಯದು, ಯಾವ ವಾಕ್ಯವು ಈಚಿನ ಕೈಯದು, ಯಾವ ಗಾಥೆಯು ಯಾರ ಹೆಸರಿನಲ್ಲಿದೆ ಎಂಬ ಚರ್ಚೆಯಿಂದ ಯಾರ ಬಾಳು ಹಸನಾದೀತು ಎಂದು ಅವರು ಕೇಳುತ್ತಾರೆ. ಈ ಸಂದೇಹಕ್ಕೆ ಸಮಾಧಾನವನ್ನು ಬಯಸುವವರು ಬೌದ್ಧಲೋಕದಲ್ಲಿ ನಮ್ಮ ಕಾಲದಲ್ಲಿಯೇ ನಡೆದಿರುವ ಒಂದು ವಿವಾದವನ್ನು ನೋಡಬಹುದು. ಸ್ತ್ರೀಯು ಭಿಕ್ಷುಣಿಯಾಗಬಹುದೇ ಆಗಕೂಡದೇ ಎಂಬುದೇ ಆ ವಿವಾದ. ಎರಡು ಸಾವಿರ ವರ್ಷಗಳಿಗೂ ಹಳೆಯದಾದ ಒಂದು ಕಥೆಯನ್ನು ಹೇಗೆ ಓದಬೇಕೆಂಬುದರ ಮೇಲೆ ಅಲ್ಲಿ ಬದುಕಿರುವ ಹೆಂಗಸರ ಸ್ಥಾನಮಾನಗಳು ನಿಂತಿವೆ. ಓದು ತಪ್ಪಿದರೆ ಬಾಳೂ ತಪ್ಪುವ ಸಂದರ್ಭವಿದು.

ವಿಷಯವಿಷ್ಟು. ಬೌದ್ಧ ಸಂನ್ಯಾಸಕ್ಕೆ ಎರಡು ಮೆಟ್ಟಿಲುಗಳು. ಮೊದಲನೆಯದು ಪ್ರವ್ರಜ್ಯೆ, ಮನೆಯನ್ನು ತೊರೆದು, ಕಾಷಾಯವನ್ನು ಧರಿಸಿ, ಹತ್ತು ಶೀಲಗಳನ್ನು ಸ್ವೀಕರಿಸುವುದು. ಎರಡನೆಯದು ಉಪಸಂಪದೆ, ಸಂಘದ ಸಮಕ್ಷಮದಲ್ಲಿ ವಿಧಿವತ್ತಾಗಿ ಪೂರ್ಣಾಧಿಕಾರವುಳ್ಳ ಭಿಕ್ಷುವೋ ಭಿಕ್ಷುಣಿಯೋ ಆಗುವುದು. ಥೇರವಾದವು ನೆಲೆಸಿರುವ ದೇಶಗಳಲ್ಲಿ ಗಂಡಸಿಗೆ ಎರಡು ಮೆಟ್ಟಿಲುಗಳೂ ತೆರೆದಿವೆ. ಹೆಂಗಸಿಗಾದರೋ ಎರಡನೆಯದು ಹಲವು ಶತಮಾನಗಳ ಕಾಲ ಮುಚ್ಚಿತ್ತು. ಶ್ರೀಲಂಕೆಯ ದಶಶೀಲಮಾತೆಯರು, ಬರ್ಮಾದೇಶದ ತಿಲಶಿನ್ ಎಂಬವರು, ಥಾಯ್ಲೆಂಡಿನ ಬಿಳಿಯುಡುಗೆಯ ಮೇಚಿಗಳು—ಇವರೆಲ್ಲರೂ ತಲೆ ಬೋಳಿಸಿ ಬ್ರಹ್ಮಚರ್ಯದಿಂದ ಬಾಳಿದವರೇ. ಆದರೂ ವಿನಯಶಾಸ್ತ್ರದ ದೃಷ್ಟಿಯಲ್ಲಿ ಇವರು ಭಿಕ್ಷುಣಿಯರಲ್ಲ. ಥಾಯ್ಲೆಂಡಿನಲ್ಲಿ ೧೯೨೮ರಲ್ಲಿ ಅಲ್ಲಿಯ ಸಂಘರಾಜನು, ಯಾವ ಭಿಕ್ಷುವೂ ಸ್ತ್ರೀಯರಿಗೆ ಪ್ರವ್ರಜ್ಯೆಯನ್ನಾಗಲಿ ಉಪಸಂಪದೆಯನ್ನಾಗಲಿ ಕೊಡಕೂಡದೆಂದು ಆಜ್ಞೆಯನ್ನೇ ಹೊರಡಿಸಿದನು. ೧೯೯೬ರಲ್ಲಿ ಸಾರನಾಥದಲ್ಲಿ ಕೊರಿಯಾದೇಶದ ಸಂಘದ ನೆರವಿನಿಂದಲೂ, ೧೯೯೮ರಲ್ಲಿ ಬುದ್ಧಗಯೆಯಲ್ಲಿ ತೈವಾನಿನ ಸಂಘದ ನೆರವಿನಿಂದಲೂ ಸಿಂಹಳದ ಕೆಲವರು ಸ್ತ್ರೀಯರು ಉಪಸಂಪದೆಯನ್ನು ಪಡೆದರು. ಅಂದಿನಿಂದ ವಾದವು ಬಿಸಿಯೇರಿತು. ಒಂದು ಪಕ್ಷದವರು ಇದನ್ನು ಬುದ್ಧಶಾಸನದ ಪುನರುಜ್ಜೀವನವೆಂದರು. ಇನ್ನೊಂದು ಪಕ್ಷದವರು ಶಾಸನಕ್ಕೆ ಬಂದ ಕೇಡೆಂದರು. ಎರಡು ಪಕ್ಷದವರೂ ಕೈಯಲ್ಲಿ ಹಿಡಿದಿರುವುದು ಒಂದೇ ತ್ರಿಪಿಟಕವನ್ನು.

ಇಂತಿರಲು, ಗ್ರಂಥವು ನಿಜವಾಗಿ ಏನು ಹೇಳುತ್ತದೆಯೆಂಬುದನ್ನು ಸಾಹಿತ್ಯವಿಮರ್ಶೆಯ ದೃಷ್ಟಿಯಿಂದ ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

೨

ಮೂಲಕಥೆಯು ವಿನಯಪಿಟಕದ ಚುಲ್ಲವಗ್ಗದ ಹತ್ತನೆಯ ಖಂಧಕದಲ್ಲಿದೆ. ಬುದ್ಧನು ಕಪಿಲವಸ್ತುವಿನ ನ್ಯಗ್ರೋಧಾರಾಮದಲ್ಲಿದ್ದಾಗ, ಅವನನ್ನು ಸಾಕಿದ ಚಿಕ್ಕಮ್ಮನಾದ ಮಹಾಪ್ರಜಾಪತಿ ಗೌತಮಿಯು ಬಂದು ಸ್ತ್ರೀಯರಿಗೂ ಪ್ರವ್ರಜ್ಯೆಯನ್ನು ಅನುಗ್ರಹಿಸಬೇಕೆಂದು ಮೂರು ಸಲ ಬೇಡುತ್ತಾಳೆ. ಮೂರು ಸಲವೂ ಅವನು ಒಲ್ಲೆನೆನ್ನುತ್ತಾನೆ. ಅವನು ವೈಶಾಲಿಗೆ ಹೊರಟುಹೋದ ಮೇಲೆ ಅವಳು ತಾನೇ ಕೂದಲನ್ನು ಕತ್ತರಿಸಿಕೊಂಡು, ಕಾಷಾಯವನ್ನುಟ್ಟು, ಅನೇಕ ಶಾಕ್ಯಸ್ತ್ರೀಯರೊಡನೆ ಕಾಲ್ನಡಿಗೆಯಲ್ಲಿ ವೈಶಾಲಿಗೆ ಬರುತ್ತಾಳೆ. ಬಾತ ಕಾಲು, ಧೂಳು ಮುಸುಕಿದ ಮೈ, ಕಣ್ಣೀರು. ಮಹಾವನದ ಕೂಟಾಗಾರಶಾಲೆಯ ಬಾಗಿಲ ಹೊರಗೆ ಹೀಗೆ ನಿಂತವಳನ್ನು ಆನಂದನು ಕಾಣುತ್ತಾನೆ.

ಮುಂದಿನ ಸಂಭಾಷಣೆಯ ಕಟ್ಟಡವನ್ನು ವಾಚಕರು ಗಮನಿಸಬೇಕು. ಆನಂದನು ಅವಳ ಪರವಾಗಿ ಬೇಡುತ್ತಾನೆ. ಅವನ ಬೇಡಿಕೆಯೂ ಮೂರು ಸಲ ನಿಷ್ಫಲವಾಗುತ್ತದೆ. ಬೇಡುವುದರಿಂದ ಕೆಲಸವಾಗದೆಂದು ಕಂಡು ಅವನು ಒಂದು ಪ್ರಶ್ನೆಯನ್ನು ಕೇಳುತ್ತಾನೆ. ತಥಾಗತನ ಧರ್ಮದಲ್ಲಿ ಪ್ರವ್ರಜಿತಳಾದ ಸ್ತ್ರೀಯು ಸ್ರೋತಾಪತ್ತಿ ಮೊದಲುಗೊಂಡು ಅರ್ಹತ್ತ್ವದವರೆಗಿನ ನಾಲ್ಕು ಫಲಗಳನ್ನೂ ಸಾಕ್ಷಾತ್ಕರಿಸಿಕೊಳ್ಳಲು ಸಮರ್ಥಳೋ ಅಲ್ಲವೋ? ಸಮರ್ಥಳೆಂದು ಬುದ್ಧನು ಉತ್ತರ ಕೊಡುತ್ತಾನೆ. ಆಮೇಲೆ ಆನಂದನು ಗೌತಮಿಯು ಹಾಲೂಡಿಸಿ ಸಾಕಿದ ಉಪಕಾರವನ್ನು ನೆನಪಿಗೆ ತರುತ್ತಾನೆ. ಆಗ ಅನುಮತಿಯು ದೊರೆಯುತ್ತದೆ. ಆದರೆ ಎಂಟು ಗುರುಧರ್ಮಗಳ ನಿಬಂಧನೆಯೊಡನೆ. ನೂರು ವರ್ಷಗಳ ಹಿಂದೆ ಉಪಸಂಪದೆ ಪಡೆದ ಭಿಕ್ಷುಣಿಯೂ ಅದೇ ದಿನ ಉಪಸಂಪದೆ ಪಡೆದ ಭಿಕ್ಷುವಿಗೆ ಎದ್ದು ನಮಸ್ಕರಿಸಬೇಕು. ಎರಡು ವರ್ಷ ಶಿಕ್ಷಮಾಣೆಯಾಗಿದ್ದು, ಅನಂತರ ಭಿಕ್ಷುಣೀಸಂಘ ಭಿಕ್ಷುಸಂಘಗಳೆರಡರಿಂದಲೂ ಉಪಸಂಪದೆಯನ್ನು ಪಡೆಯಬೇಕು. ಭಿಕ್ಷುಣಿಯು ಭಿಕ್ಷುವಿಗೆ ಬುದ್ಧಿ ಹೇಳಕೂಡದು. ಉಳಿದವೂ ಈ ಬಗೆಯವೇ. ಕಡೆಯಲ್ಲಿ, ಸಾವಿರ ವರ್ಷ ಬಾಳಬೇಕಾಗಿದ್ದ ಸದ್ಧರ್ಮವು ಸ್ತ್ರೀಯರ ಪ್ರವೇಶದಿಂದ ಐನೂರೇ ವರ್ಷ ಬಾಳುವುದೆಂಬ ಭವಿಷ್ಯವಾಣಿಯು ಬರುತ್ತದೆ. ಬತ್ತದ ಗದ್ದೆಗೆ ಬಿದ್ದ ಬಿಳಿರೋಗ, ಕಬ್ಬಿನ ಹೊಲಕ್ಕೆ ತಗಲಿದ ಕೆಂಪುರೋಗ ಎಂಬ ಉಪಮೆಗಳೂ ಅಲ್ಲಿಯೇ ಇವೆ.

ಈ ಕಥೆಯನ್ನು ಬರೆದಿಟ್ಟ ಸಂಪಾದಕರಿಗೆ ಭಿಕ್ಷುಣೀಸಂಘದ ಮೇಲೆ ಒಲವಿರಲಿಲ್ಲವೆಂಬುದು ಸ್ಪಷ್ಟವಾಗಿದೆ. ಚುಲ್ಲವಗ್ಗದ ಮುಂದಿನ ಖಂಧಕದಲ್ಲಿ ಪ್ರಥಮ ಸಂಗೀತಿಯ ವೃತ್ತಾಂತವಿದೆ. ಅಲ್ಲಿ ಸ್ಥವಿರರು ಆನಂದನ ಮೇಲೆ ಹೊರಿಸಿದ ದೋಷಗಳಲ್ಲಿ ಸ್ತ್ರೀಯರಿಗೆ ಪ್ರವ್ರಜ್ಯೆಯನ್ನು ದೊರಕಿಸಿದ್ದೂ ಒಂದು. ತನಗೆ ಇದರಲ್ಲಿ ತಪ್ಪು ಕಾಣುವುದಿಲ್ಲ, ಆದರೂ ಸ್ಥವಿರರ ಮೇಲಣ ಶ್ರದ್ಧೆಯಿಂದ ಒಪ್ಪಿಕೊಳ್ಳುತ್ತೇನೆ ಎಂಬ ಅರ್ಥದಲ್ಲಿ ಆನಂದನು ಉತ್ತರಿಸುತ್ತಾನೆ. ಇಂಥ ಮನೋಭಾವದವರ ಕೈಯಲ್ಲಿ ಉಳಿದುಬಂದ ಕಥೆಯಲ್ಲಿಯೂ, ಸ್ತ್ರೀಯು ಅರ್ಹತ್ತ್ವಕ್ಕೆ ಸಮರ್ಥಳೆಂಬ ಆ ಒಂದು ಉತ್ತರವು ಅಳಿಯದೆ ನಿಂತಿರುವುದೇ ವಿಶೇಷ. ನ್ಯಾಯಾಸ್ಥಾನದಲ್ಲಿ ಒಲ್ಲದ ಸಾಕ್ಷಿಯ ಬಾಯಿಂದ ಬಂದ ಮಾತಿಗೆ ಹೆಚ್ಚಿನ ಬೆಲೆಯುಂಟು. ಗ್ರಂಥವಿಮರ್ಶೆಯಲ್ಲಿಯೂ ಹಾಗೆಯೇ. ಕಥೆ ಹೇಳುವವನಿಗೆ ಬೇಡವಾಗಿದ್ದರೂ ಬಿಡಲಾರದೆ ಉಳಿಸಿಕೊಂಡ ಮಾತು ಕಥೆಗಿಂತ ಹಳೆಯದಾಗಿರುವ ಸಂಭವವೇ ಹೆಚ್ಚು.

೩

ಈ ಕಥೆಯಲ್ಲಿ ಒಳವಿರೋಧಗಳಿರುವುದನ್ನು ಆಧುನಿಕ ವಿದ್ವಾಂಸರು ಬಹುಕಾಲದಿಂದ ತೋರಿಸುತ್ತ ಬಂದಿದ್ದಾರೆ. ವಿನಯದ ಕ್ರಮವೇನೆಂದರೆ, ಒಂದು ಅಪರಾಧವು ನಡೆದ ಮೇಲೆಯೇ ಅದಕ್ಕೆ ತಕ್ಕ ನಿಯಮವು ಹುಟ್ಟುವುದು. ಇಲ್ಲಿಯಾದರೋ ಒಬ್ಬ ಭಿಕ್ಷುಣಿಯೂ ಇಲ್ಲದಿರುವಾಗಲೇ ಎಂಟು ನಿಯಮಗಳು ಹುಟ್ಟಿಬಿಟ್ಟಿವೆ. ಭಿಕ್ಷುಣೀಸಂಘವೇ ಇಲ್ಲದಾಗ ಎರಡು ಸಂಘಗಳಿಂದ ಉಪಸಂಪದೆ ಪಡೆಯಬೇಕೆಂಬ ವಿಧಿಯಿದೆ. ಶಿಕ್ಷಮಾಣೆಯೆಂಬ ಹೆಸರೇ ಹುಟ್ಟುವುದಕ್ಕೆ ಮೊದಲು ಶಿಕ್ಷಮಾಣೆಯ ಮಾತಿದೆ. ಇದೇ ನಿಯಮಗಳಲ್ಲಿ ಹಲವು ಭಿಕ್ಷುಣೀ ಪ್ರಾತಿಮೋಕ್ಷದ ಪಾಚಿತ್ತಿಯಗಳಲ್ಲಿ ಮತ್ತೆ ಬರುತ್ತವೆ; ಅಲ್ಲಿ ಅವಕ್ಕೆ ಬೇರೆ ಬೇರೆ ಉತ್ಪತ್ತಿಕಥೆಗಳುಂಟು. ಮೊದಲೇ ವಿಧಿಸಿದ್ದರೆ ಮತ್ತೆ ಹುಟ್ಟಬೇಕಾದ ಕಾರಣವಿರಲಿಲ್ಲ.

ಗೋವೆಯಲ್ಲಿ ಹುಟ್ಟಿ, ಸಿಂಹಳಕ್ಕೂ ಬರ್ಮಾಕ್ಕೂ ಹೋಗಿ ಪಾಲಿಯನ್ನು ಕಲಿತುಬಂದ ಧರ್ಮಾನಂದ ಕೋಸಂಬಿಯವರು ಮರಾಠಿಯ ತಮ್ಮ ‘ಭಗವಾನ್ ಬುದ್ಧ’ ಎಂಬ ಗ್ರಂಥದಲ್ಲಿ ಇಂಥ ಕಾರಣಗಳಿಂದಲೇ ಈ ಗುರುಧರ್ಮಗಳನ್ನು ಈಚಿನವರ ಕಲ್ಪನೆಯೆಂದು ತಳ್ಳಿಹಾಕಿದರು. ಡಾಕ್ಟರ್ ಅಂಬೇಡ್ಕರರು ೧೯೫೧ರಲ್ಲಿ ಮಹಾಬೋಧಿ ಪತ್ರಿಕೆಯಲ್ಲಿ ಹಿಂದೂ ಸ್ತ್ರೀಯ ಉನ್ನತಿ ಅವನತಿಗಳನ್ನು ಕುರಿತು ಬರೆದ ಲೇಖನದಲ್ಲಿ, ಬುದ್ಧನು ಸ್ತ್ರೀಯರನ್ನು ಹಳಿದನೆಂಬುದಕ್ಕೆ ಆಧಾರವಾಗಿ ತೋರಿಸುವ ಮಹಾಪರಿನಿಬ್ಬಾಣಸುತ್ತದ ಒಂದು ಸಂಭಾಷಣೆಯನ್ನು ಭಿಕ್ಷುಗಳು ಸೇರಿಸಿದ ಪ್ರಕ್ಷೇಪವೆಂದು ವಾದಿಸಿದರು. ಇಬ್ಬರೂ ಆಳವಾಗಿ ಓದಿದವರು, ಬುದ್ಧನಲ್ಲಿ ನಿಷ್ಠೆಯುಳ್ಳವರು. ಅವರ ವಾದಗಳಲ್ಲಿ ಬಲವಿದೆಯೆಂಬುದರಲ್ಲಿ ಸಂದೇಹವಿಲ್ಲ.

ಆದರೂ ಈ ಪ್ರಕ್ಷೇಪವಾದವನ್ನು ಬಳಸುವುದರಲ್ಲಿ ಎಚ್ಚರ ಬೇಕು. ಹಿಡಿಸದ ವಾಕ್ಯವನ್ನೆಲ್ಲ ಈಚಿನದೆಂದು ಕತ್ತರಿಸುವ ಕತ್ತಿಗೆ ಎರಡು ಕಡೆಯೂ ಅಲಗು. ಗುರುಧರ್ಮಗಳು ಬುದ್ಧವಚನವಲ್ಲವೆಂದು ಒಬ್ಬನು ಹೇಳಿದರೆ, ಸ್ತ್ರೀಯು ಸಮರ್ಥಳೆಂಬ ಉತ್ತರವೂ ಬುದ್ಧವಚನವಲ್ಲವೆಂದು ಇನ್ನೊಬ್ಬನು ಹೇಳಬಹುದು. ಅಷ್ಟೇ ಅಲ್ಲ, ತ್ರಿಪಿಟಕವನ್ನು ಪ್ರಮಾಣವೆಂದು ನಂಬಿ ಬಾಳುವ ಸ್ಥವಿರನ ಮುಂದೆ ಈ ವಾದವು ನಡೆಯುವುದೇ ಇಲ್ಲ. ಅವನಿಗೆ ಬೇಕಾದುದು ಗ್ರಂಥವನ್ನು ಕಿರಿದು ಮಾಡದ ಓದು. ಗುರುಧರ್ಮಗಳನ್ನೂ ಭವಿಷ್ಯವಾಣಿಯನ್ನೂ ಇದ್ದಲ್ಲಿಯೇ ಇರಗೊಟ್ಟು, ಇಡೀ ಪಿಟಕವನ್ನು ಪಕ್ಕಪಕ್ಕದಲ್ಲಿಟ್ಟು ಓದಿದರೂ ಸ್ತ್ರೀಯರ ಪಕ್ಷವೇ ಗೆಲ್ಲುವುದಾದರೆ, ಆ ಗೆಲವು ಗಟ್ಟಿಯಾದುದು. ಹಾಗೆ ಗೆಲ್ಲುತ್ತದೆಂಬುದೇ ನಮ್ಮ ಅಭಿಪ್ರಾಯ.

ಒಂದು ನಿದರ್ಶನವನ್ನು ನೋಡಿರಿ. ಅದೇ ಮಹಾಪರಿನಿಬ್ಬಾಣಸುತ್ತದಲ್ಲಿ ಚಾಪಾಲಚೈತ್ಯದ ಬಳಿ ಮಾರನು ಬಂದು, ಬುದ್ಧನು ಹಿಂದೆ ಆಡಿದ ಮಾತನ್ನು ನೆನಪಿಸುತ್ತಾನೆ. ಭಿಕ್ಷುಗಳು, ಭಿಕ್ಷುಣಿಯರು, ಉಪಾಸಕರು, ಉಪಾಸಿಕೆಯರು ಈ ನಾಲ್ಕು ಪರಿಷತ್ತುಗಳೂ ಧರ್ಮವನ್ನು ಕಲಿತು, ಆಚರಿಸಿ, ಇತರರಿಗೆ ಬೋಧಿಸಬಲ್ಲವರಾಗುವವರೆಗೆ ತಾನು ಪರಿನಿರ್ವಾಣವನ್ನು ಹೊಂದುವುದಿಲ್ಲವೆಂದು ಬುದ್ಧನು ಸಂಬೋಧಿಯಾದ ಹೊಸತರಲ್ಲಿ ಹೇಳಿದ್ದನಂತೆ. ಈ ಲೆಕ್ಕದಿಂದ ಭಿಕ್ಷುಣೀಸಂಘವು ಚಿಕ್ಕಮ್ಮನ ಕಣ್ಣೀರಿಗಾಗಿ ಒಲ್ಲದ ಮನಸ್ಸಿನಿಂದ ಕೊಟ್ಟ ಭಿಕ್ಷೆಯಲ್ಲ. ಶಾಸನದ ನಾಲ್ಕು ಕಾಲುಗಳಲ್ಲಿ ಒಂದು.

೪

ಈಗ ಥೇರೀಗಾಥೆಗೆ ಬರೋಣ. ಖುದ್ದಕನಿಕಾಯಕ್ಕೆ ಸೇರಿದ ಈ ಚಿಕ್ಕ ಸಂಕಲನದಲ್ಲಿ ೭೩ ಕವಿತೆಗಳೂ ಐನೂರಕ್ಕೆ ಮಿಕ್ಕ ಗಾಥೆಗಳೂ ಇವೆ. ಎಲ್ಲವೂ ಭಿಕ್ಷುಣಿಯರ ಹೆಸರಿನಲ್ಲಿವೆ. ಇಷ್ಟು ಹಳೆಯ ಕಾಲದ ಇಷ್ಟು ಮಂದಿ ಹೆಂಗಸರ ಬಾಯಿಮಾತು ಒಂದೆಡೆ ಸೇರಿ ಉಳಿದಿರುವುದು ಲೋಕಸಾಹಿತ್ಯದಲ್ಲಿಯೇ ಅಪೂರ್ವ. ೧೯೦೯ರಲ್ಲಿ ರೈಸ್ ಡೇವಿಡ್ಸರ ಪತ್ನಿಯಾದ ಕ್ಯಾರೊಲೀನ್ ರೈಸ್ ಡೇವಿಡ್ಸರು ಇದನ್ನು ಇಂಗ್ಲಿಷಿಗೆ ಪರಿವರ್ತಿಸಿದ ಮೇಲೆ ಹೊರಗಿನ ಲೋಕಕ್ಕೆ ಇದರ ಪರಿಚಯವಾಯಿತು.

ಇದರ ಕಾವ್ಯಗುಣವು ಅಲಂಕಾರದಲ್ಲಿಲ್ಲ, ನಿತ್ಯದ ವಸ್ತುಗಳಲ್ಲಿದೆ. ಮುತ್ತಾ ಎಂಬವಳು ತಾನು ಮೂರು ಡೊಂಕುಗಳಿಂದ ಬಿಡುಗಡೆ ಹೊಂದಿದೆನೆನ್ನುತ್ತಾಳೆ: ಒರಳು, ಒನಕೆ, ಗೂನುಬೆನ್ನಿನ ಗಂಡ, ಇವುಗಳ ಜೊತೆಗೆ ಹುಟ್ಟುಸಾವುಗಳಿಂದಲೂ. ಅಡಿಗೆಮನೆಯ ಬಿಡುಗಡೆಯನ್ನೂ ಸಂಸಾರಚಕ್ರದ ಬಿಡುಗಡೆಯನ್ನೂ ಒಂದೇ ಉಸಿರಿನಲ್ಲಿ ಹೇಳಿ, ಮೊದಲನೆಯದನ್ನು ಅಲ್ಪವೆಂದು ಅವಳು ನಾಚುವುದಿಲ್ಲ. ಪಟಾಚಾರೆಯು ಕಾಲು ತೊಳೆದ ನೀರು ತಗ್ಗಿಗೆ ಹರಿಯುವುದನ್ನು ನೋಡುತ್ತ ಚಿತ್ತವನ್ನು ನಿಲ್ಲಿಸುತ್ತಾಳೆ. ಕೋಣೆಗೆ ಹೋಗಿ ಸೂಜಿಯಿಂದ ದೀಪದ ಬತ್ತಿಯನ್ನು ಕೆಳಕ್ಕೆಳೆಯುತ್ತಾಳೆ. ದೀಪವಾರಿದಂತೆ ಅವಳ ಚಿತ್ತಕ್ಕೆ ವಿಮೋಕ್ಷವಾಗುತ್ತದೆ. ನೀರು ಹೊರುವ ದಾಸಿಯಾದ ಪುಣ್ಣಿಕೆಯು ಚಳಿಯಲ್ಲಿ ನದಿಗಿಳಿದು ನಡುಗುವ ಬ್ರಾಹ್ಮಣನಿಗೆ, ಸ್ನಾನದಿಂದಲೇ ಪಾಪ ತೊಳೆಯುವುದಾದರೆ ಕಪ್ಪೆ ಆಮೆಗಳಿಗೆಲ್ಲ ಸ್ವರ್ಗವೇ ಅಲ್ಲವೇ ಎಂಬ ವಾದವನ್ನೊಡ್ಡಿ ಅವನನ್ನು ಗೆಲ್ಲುತ್ತಾಳೆ. ಎರಡು ಬೆರಳಿನ ಬುದ್ಧಿಯ ಹೆಣ್ಣಿಗೆ ಋಷಿಗಳ ಪದವಿ ಎಲ್ಲಿಯದೆಂದು ಹಂಗಿಸಿದ ಮಾರನಿಗೆ ಸೋಮೆಯು, ಚಿತ್ತವು ಸಮಾಹಿತವಾದ ಮೇಲೆ ಹೆಣ್ತನದಿಂದ ಆಗುವ ಅಡ್ಡಿಯೇನೆಂದು ಮರುಪ್ರಶ್ನೆ ಹಾಕುತ್ತಾಳೆ. ಹೆಣ್ಣಿನ ಸಾಮರ್ಥ್ಯವನ್ನು ಸಂದೇಹಿಸುವ ಮಾತನ್ನು ಈ ಗ್ರಂಥವು ಇಟ್ಟಿರುವುದು ಮಾರನ ಬಾಯಿಯಲ್ಲಿ ಎಂಬುದನ್ನು ಮರೆಯಬಾರದು.

ಪ್ರಕೃತ ವಿಷಯಕ್ಕೆ ಎಲ್ಲಕ್ಕಿಂತ ಮುಖ್ಯವಾದುದು ಭದ್ದಾ ಕುಂಡಲಕೇಸೆಯ ಕವಿತೆ. ಕೂದಲು ಕಿತ್ತು, ಒಂದೇ ಬಟ್ಟೆಯುಟ್ಟು ಪರಿವ್ರಾಜಿಕೆಯಾಗಿ ಅಲೆದ ಇವಳು ಗೃಧ್ರಕೂಟದ ಬಳಿ ಬುದ್ಧನನ್ನು ಕಂಡು ಕೈಮುಗಿಯುತ್ತಾಳೆ. ಬಾ ಎಂದು ಅವನು ಹೆಸರು ಹಿಡಿದು ಕರೆಯುತ್ತಾನೆ. ಆ ಕರೆಯೇ ತನಗೆ ಉಪಸಂಪದೆಯಾಯಿತೆಂದು ಅವಳು ಹೇಳುತ್ತಾಳೆ. ಇಲ್ಲಿ ಎರಡು ಸಂಘಗಳಿಲ್ಲ, ಶಿಕ್ಷಮಾಣೆಯ ಎರಡು ವರ್ಷಗಳಿಲ್ಲ, ಗುರುಧರ್ಮಗಳ ಸುಳಿವಿಲ್ಲ. ಪೂರ್ವದ ಭಿಕ್ಷುಗಳಿಗೆ ದೊರೆತಂಥ ಉಪಸಂಪದೆಯೇ ಈ ಹೆಂಗಸಿಗೂ ದೊರೆತಿದೆ. ವ್ಯಾಖ್ಯಾನಕಾರನಾದ ಧಮ್ಮಪಾಲನಿಗೆ ಇದರಿಂದ ತೊಡಕಾಯಿತು. ಆ ಕರೆಗೆ ಭಿಕ್ಷುಣಿಯರ ವಿಹಾರಕ್ಕೆ ಹೋಗಿ ಅಲ್ಲಿ ಉಪಸಂಪದೆಯನ್ನು ಪಡೆಯೆಂಬ ಅರ್ಥವನ್ನು ತುಂಬಿ ಅವನು ತೊಡಕನ್ನು ಬಿಡಿಸಿಕೊಂಡನು. ಆದರೆ ಗಾಥೆಯನ್ನು ತಿದ್ದಲಿಲ್ಲ. ಇದು ನಮಗೆ ದೊರೆತ ಎರಡನೆಯ ಒಲ್ಲದ ಸಾಕ್ಷಿ. ಶಾಸನಗ್ರಂಥವು ಒಂದು ಬಗೆಯಾಗಿ ಹೇಳುವುದನ್ನು ಕಾವ್ಯವು ಇನ್ನೊಂದು ಬಗೆಯಾಗಿ ನೆನಪಿಟ್ಟುಕೊಂಡಿದೆ. ಎರಡನ್ನೂ ಕಾಪಾಡಿದವರು ಒಂದೇ ಪರಂಪರೆಯವರು.

ಥೇರೀಗಾಥೆಯ ಈ ಸ್ತ್ರೀಯರು ಶಾಸ್ತ್ರಜ್ಞಾನದಲ್ಲಿಯೂ ಹಿಂದುಳಿದವರಲ್ಲ. ಅಂಗುತ್ತರನಿಕಾಯದಲ್ಲಿ ಅಗ್ರಶ್ರಾವಿಕೆಯರೆಂದು ಎಣಿಸಿದ ೧೩ ಮಂದಿ ಭಿಕ್ಷುಣಿಯರಲ್ಲಿ ಪಟಾಚಾರೆಗೆ ವಿನಯಧರೆಯರಲ್ಲಿ ಶ್ರೇಷ್ಠಳೆಂಬ ಹೆಸರಿದೆ. ಮಜ್ಝಿಮನಿಕಾಯದ ಚೂಳವೇದಲ್ಲಸುತ್ತದಲ್ಲಿ ಧಮ್ಮದಿನ್ನೆಯು ಕೊಟ್ಟ ಸೂಕ್ಷ್ಮ ಉತ್ತರಗಳನ್ನು ಕೇಳಿ, ತನ್ನನ್ನು ಕೇಳಿದ್ದರೂ ಹೀಗೆಯೇ ಉತ್ತರಿಸುತ್ತಿದ್ದೆನೆಂದು ಬುದ್ಧನು ಮುದ್ರೆಯೊತ್ತುತ್ತಾನೆ.

೫

ಇಷ್ಟನ್ನು ಒಪ್ಪಿಯೂ ಸಂಪ್ರದಾಯಪಕ್ಷದವರು ಹೇಳುವುದೇನೆಂದರೆ: ಸ್ತ್ರೀಯ ಸಾಮರ್ಥ್ಯವನ್ನು ನಾವು ಅಲ್ಲಗಳೆಯುವುದಿಲ್ಲ, ಆದರೆ ಉಪಸಂಪದೆಯು ಎರಡು ಸಂಘಗಳಿಂದ ಆಗತಕ್ಕದ್ದು. ಥೇರವಾದದ ಭಿಕ್ಷುಣೀಪರಂಪರೆಯು ಕಡಿದುಹೋಗಿದೆ. ಕಡಿದ ದೀಪದಿಂದ ದೀಪ ಹಚ್ಚಲಾಗದು. ಮುಂದಿನ ಬುದ್ಧನು ಬರುವವರೆಗೆ ಕಾಯಬೇಕು.

ಈ ವಾದವನ್ನು ಹಗುರವಾಗಿ ಕಾಣಬಾರದು. ಬೌದ್ಧಸಂಘಕ್ಕೆ ಏಕಾಧಿಪತಿಯಿಲ್ಲ, ಎಲ್ಲರನ್ನೂ ಬಂಧಿಸುವ ಕೇಂದ್ರಪೀಠವಿಲ್ಲ. ದೇಶಭಾಷೆಗಳು ಬೇರೆಯಾದರೂ ಇಪ್ಪತ್ತನಾಲ್ಕು ಶತಮಾನಗಳ ಕಾಲ ಅದನ್ನು ಒಂದಾಗಿ ಹಿಡಿದುದು ವಿನಯವಿಧಿಯ ಕಟ್ಟುನಿಟ್ಟೇ. ಸದುದ್ದೇಶವಿದೆಯೆಂದು ವಿಧಿಯನ್ನು ಸಡಿಲಿಸುತ್ತ ಹೋದರೆ ಉಳಿಯುವುದೇನೆಂಬ ಅವರ ಭಯವು ಪ್ರಾಮಾಣಿಕವಾದುದು. ಆದುದರಿಂದ ಅವರಿಗೆ ವಿಧಿಯ ನೆಲೆಯಲ್ಲಿಯೇ ಉತ್ತರ ಕೊಡಬೇಕು.

ಮೊದಲನೆಯದಾಗಿ ಇತಿಹಾಸ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಅಶೋಕನ ಮಗಳೆನಿಸಿದ ಸಂಘಮಿತ್ತೆಯಿಂದ ಸಿಂಹಳದಲ್ಲಿ ಸ್ಥಾಪಿತವಾದ ಭಿಕ್ಷುಣೀಸಂಘವು, ಚೋಳರ ದಂಡಯಾತ್ರೆಗಳಿಂದ ಅನುರಾಧಪುರವು ಹಾಳಾದ ಹನ್ನೊಂದನೆಯ ಶತಮಾನದಲ್ಲಿ ಕಣ್ಮರೆಯಾಯಿತು. ಆ ಕಾಲದಲ್ಲಿ ಭಿಕ್ಷುಸಂಘವೂ ಉಪಸಂಪದೆಯನ್ನು ನಡೆಸಲಾರದ ಸ್ಥಿತಿಗೆ ಬಂದಿತ್ತು. ಒಂದನೆಯ ವಿಜಯಬಾಹುವು ಬರ್ಮಾದೇಶದಿಂದ ಭಿಕ್ಷುಗಳನ್ನು ಕರೆಯಿಸಿ ಅದನ್ನು ಮತ್ತೆ ನಿಲ್ಲಿಸಿದನು. ಹದಿನೆಂಟನೆಯ ಶತಮಾನದಲ್ಲಿ ಅದು ಮರಳಿ ಕಡಿಯಿತು. ೧೭೫೩ರಲ್ಲಿ ಕೀರ್ತಿಶ್ರೀ ರಾಜಸಿಂಹನು ಸಯಾಮಿನಿಂದ ಉಪಾಲಿ ಥೇರನನ್ನು ಕರೆಯಿಸಿ ಉಪಸಂಪದೆಯನ್ನು ನಡೆಸಿದನು. ಹೀಗೆ ಹುಟ್ಟಿದ ಸಯಾಂ ನಿಕಾಯವು ಗೊವಿಗಾಮ ಜಾತಿಯವರಿಗಲ್ಲದೆ ಉಪಸಂಪದೆಯನ್ನು ಕೊಡದಾದಾಗ, ಇತರ ಜಾತಿಗಳವರು ಹಡಗು ಹತ್ತಿ ಬರ್ಮಾದ ಅಮರಪುರಕ್ಕೆ ಹೋಗಿ ಉಪಸಂಪದೆಯನ್ನು ಪಡೆದು ೧೮೦೩ರಲ್ಲಿ ಹಿಂದಿರುಗಿದರು. ಅವರ ನಿಕಾಯಕ್ಕೆ ಆ ಊರಿನ ಹೆಸರೇ ಉಳಿದಿದೆ. ಗಂಡಸರ ದೀಪವು ಆರಿದಾಗಲೆಲ್ಲ ನೆರೆಯ ಮನೆಯಿಂದ ಬೆಂಕಿಯನ್ನು ತಂದು ಹಚ್ಚಿದ್ದಾರೆ. ಹಾಗೆ ತಂದುದನ್ನು ಇಂದು ಯಾರೂ ಅಶಾಸ್ತ್ರೀಯವೆನ್ನುವುದಿಲ್ಲ.

ಹೆಂಗಸರಿಗೂ ಇಂಥ ನೆರೆಮನೆಯುಂಟು. ಕ್ರಿ.ಶ. ಐದನೆಯ ಶತಮಾನದಲ್ಲಿ ಸಿಂಹಳದ ಭಿಕ್ಷುಣಿಯರು ಕಡಲು ದಾಟಿ ಚೀನಾದೇಶಕ್ಕೆ ಹೋಗಿ, ೪೩೩ರ ಸುಮಾರಿನಲ್ಲಿ ಅಲ್ಲಿಯ ಸ್ತ್ರೀಯರಿಗೆ ಎರಡು ಸಂಘಗಳ ಉಪಸಂಪದೆಯು ದೊರೆಯುವಂತೆ ಮಾಡಿದರು. ಆ ಪರಂಪರೆಯು ಪೂರ್ವದೇಶಗಳಲ್ಲಿ ಉಳಿದಿದೆ. ಸಾರನಾಥದಲ್ಲಿಯೂ ಬುದ್ಧಗಯೆಯಲ್ಲಿಯೂ ನಡೆದುದು, ಒಂದು ಅರ್ಥದಲ್ಲಿ, ಕೊಟ್ಟ ಸಾಲವನ್ನು ಹಿಂದಕ್ಕೆ ಪಡೆದುದೇ. ಪೂರ್ವದೇಶದವರು ಅನುಸರಿಸುವುದು ಧರ್ಮಗುಪ್ತಕರ ವಿನಯವನ್ನು, ಥೇರವಾದದ ವಿನಯವನ್ನಲ್ಲ ಎಂಬ ಆಕ್ಷೇಪವು ಇದಕ್ಕೆ ಬರುತ್ತದೆ. ಅದರಲ್ಲಿ ಹುರುಳಿಲ್ಲದೆ ಇಲ್ಲ. ಆ ಕಾರಣದಿಂದಲೇ ಬುದ್ಧಗಯೆಯ ಸಮಾರಂಭದ ಅನಂತರ ಸಿಂಹಳದ ಸ್ತ್ರೀಯರಿಗೆ ಥೇರವಾದದ ಭಿಕ್ಷುಗಳೇ ಪ್ರತ್ಯೇಕವಾಗಿ ಮತ್ತೊಮ್ಮೆ ಉಪಸಂಪದೆಯನ್ನು ಕೊಟ್ಟರು.

ಹಾಗೆ ಭಿಕ್ಷುಗಳೇ ಕೊಡಬಹುದೇ? ಇಲ್ಲಿ ಮೂರನೆಯ ಸಾಕ್ಷಿಯು ಬರುತ್ತದೆ, ಅದು ವಿಧಿಗ್ರಂಥವೇ. ಚುಲ್ಲವಗ್ಗದ ಅದೇ ಖಂಧಕದಲ್ಲಿ, ಗೌತಮಿಯೊಡನೆ ಬಂದ ಶಾಕ್ಯಸ್ತ್ರೀಯರ ಗತಿಯೇನೆಂಬ ಪ್ರಶ್ನೆ ಬಂದಾಗ, ಭಿಕ್ಷುಗಳು ಭಿಕ್ಷುಣಿಯರಿಗೆ ಉಪಸಂಪದೆಯನ್ನು ಕೊಡಬಹುದೆಂದು ಬುದ್ಧನು ಅನುಜ್ಞೆ ಕೊಟ್ಟುದು ದಾಖಲೆಯಾಗಿದೆ. ಮುಂದೆ ಎರಡು ಸಂಘಗಳ ವಿಧಿಯು ಬೆಳೆದುದು ನಿಜ. ಆದರೆ ಮೊದಲಿನ ಅನುಜ್ಞೆಯನ್ನು ರದ್ದುಮಾಡಿದೆನೆಂಬ ಮಾತು ಎಲ್ಲಿಯೂ ಇಲ್ಲ. ವಿನಯದಲ್ಲಿ ರದ್ದುಮಾಡುವುದಕ್ಕೂ ಒಂದು ಕ್ರಮವುಂಟು: ಭಿಕ್ಷುವಿನ ಉಪಸಂಪದೆಯನ್ನು ತ್ರಿಶರಣದಿಂದ ಕೊಡುವ ಹಳೆಯ ಪದ್ಧತಿಯನ್ನು ನಿಲ್ಲಿಸಿದಾಗ, ಇಂದಿನಿಂದ ಅದು ಇಲ್ಲವೆಂದು ಸ್ಪಷ್ಟವಾಗಿ ಹೇಳಿದೆ. ಭಿಕ್ಷುಣಿಯರ ವಿಷಯದಲ್ಲಿ ಆ ಸ್ಪಷ್ಟೋಕ್ತಿಯಿಲ್ಲ. ಭಿಕ್ಷುಣೀಸಂಘವು ಇಲ್ಲದಾಗ ಹಿಂದಿನ ಅನುಜ್ಞೆಯೇ ಅನ್ವಯಿಸುವುದೆಂದು ವಾದಿಸಿದವನು ಆಧುನಿಕ ಸುಧಾರಕನಲ್ಲ. ಬರ್ಮಾದ ಮಿಂಗುನ್ ಜೇತವನ ಸಯಾಡೊ ಎಂಬ ಸ್ಥವಿರನು. ಪ್ರಸಿದ್ಧ ಧ್ಯಾನಗುರುವಾದ ಮಹಾಸಿ ಸಯಾಡೊವಿಗೆ ಗುರುವಾಗಿದ್ದ ಈ ಪಂಡಿತನು ಮಿಲಿಂದಪ್ರಶ್ನಕ್ಕೆ ಪಾಲಿಯಲ್ಲಿ ಬರೆದ, ೧೯೪೯ರಲ್ಲಿ ಪ್ರಕಟವಾದ ವ್ಯಾಖ್ಯಾನದಲ್ಲಿ ಈ ನಿರ್ಣಯವನ್ನು ಕೊಟ್ಟನು. ಬಾಗಿಲು ಮುಚ್ಚಿದೆಯೆಂದು ಎಲ್ಲರೂ ಹೇಳುತ್ತಿದ್ದಾಗ, ಅಗುಳಿ ಹಾಕಿಲ್ಲವೆಂಬುದನ್ನು ಅವನು ಗ್ರಂಥದಿಂದಲೇ ತೋರಿಸಿದನು.

೬

ಇಷ್ಟಾದರೂ ವಾದವು ಮುಗಿದಿಲ್ಲ. ೨೦೦೩ರಲ್ಲಿ ಥಾಯ್ಲೆಂಡಿನ ವಿದುಷಿ ಛತ್ಸುಮಾರ್ನ್ ಕಬಿಲಸಿಂಗರು ಶ್ರೀಲಂಕೆಗೆ ಹೋಗಿ ಉಪಸಂಪದೆ ಪಡೆದು ಧಮ್ಮಾನಂದಾ ಎಂಬ ಹೆಸರಿನ ಭಿಕ್ಷುಣಿಯಾದರು. ಸ್ವದೇಶದ ಸಂಘವು ಅದನ್ನು ಒಪ್ಪಲಿಲ್ಲ. ೨೦೦೯ರಲ್ಲಿ ಆಸ್ಟ್ರೇಲಿಯಾದ ಪರ್ತ್ ನಗರದ ಬಳಿ 'ಬೋಧಿಞಾಣ' ವಿಹಾರದ ಅಜಾನ್ ಬ್ರಹ್ಮರು ನಾಲ್ವರು ಸ್ತ್ರೀಯರ ಉಪಸಂಪದೆಯಲ್ಲಿ ಭಾಗವಹಿಸಿದುದಕ್ಕಾಗಿ ಅವರನ್ನು ಥಾಯ್ಲೆಂಡಿನ ಗುರುಮಠವು ತನ್ನ ಬಳಗದಿಂದ ಹೊರಗಿಟ್ಟಿತು. ಇತ್ತ ೨೦೨೨ರಲ್ಲಿ ಭೂತಾನದಲ್ಲಿ ಅಲ್ಲಿಯ ಮುಖ್ಯ ಗುರುವಾದ ಜೆ ಖೆನ್ಪೊ ಅವರು ೧೪೪ ಮಂದಿ ಸ್ತ್ರೀಯರಿಗೆ ಮೂಲಸರ್ವಾಸ್ತಿವಾದ ವಿನಯದಂತೆ ಪೂರ್ಣ ಉಪಸಂಪದೆಯನ್ನು ಕೊಟ್ಟರು. ಒಂದು ಕಡೆ ದಂಡನೆ, ಇನ್ನೊಂದು ಕಡೆ ಸಂಭ್ರಮ.

ಕನ್ನಡನಾಡಿಗೂ ಈ ಪ್ರಶ್ನೆಯು ಹೊರಗಿನದಲ್ಲ. ಸ್ತ್ರೀಯು ಆ ಜನ್ಮದಲ್ಲಿಯೇ ಮುಕ್ತಿಗೆ ಅರ್ಹಳೇ ಎಂಬ ವಾದವು ಜೈನರಲ್ಲಿ ನಡೆದಾಗ, ದಿಗಂಬರರು ಅಲ್ಲವೆಂದರು, ಶ್ವೇತಾಂಬರರು ಅಹುದೆಂದರು. ಕರ್ಣಾಟಕದಲ್ಲಿ ಬೆಳೆದ ಯಾಪನೀಯರು ನಗ್ನತೆಯ ವ್ರತದಲ್ಲಿ ದಿಗಂಬರರಂತೆ ನಡೆದರೂ, ಈ ವಿಷಯದಲ್ಲಿ ಸ್ತ್ರೀಪಕ್ಷವನ್ನು ಹಿಡಿದರು. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷನ ಕಾಲದ ವೈಯಾಕರಣನಾದ ಯಾಪನೀಯ ಶಾಕಟಾಯನನು ಸ್ತ್ರೀನಿರ್ವಾಣಪ್ರಕರಣವೆಂಬ ಗ್ರಂಥವನ್ನೇ ರಚಿಸಿ ಆ ಪಕ್ಷವನ್ನು ಸಾಧಿಸಿದನು. ಇಲ್ಲೊಂದು ವಿಪರ್ಯಾಸವನ್ನು ಕಾಣಬಹುದು. ಮುಕ್ತಿಯನ್ನು ಒಪ್ಪದ ದಿಗಂಬರರಲ್ಲಿ ಆರ್ಯಿಕೆಯರ ಸಂಘವು ಉಳಿದುಬಂದಿತು. ಮುಕ್ತಿಯನ್ನು ಮೊದಲ ದಿನವೇ ಒಪ್ಪಿದ ಬೌದ್ಧರಲ್ಲಿ ಭಿಕ್ಷುಣಿಯರ ಸಂಘವು ಅನೇಕ ದೇಶಗಳಲ್ಲಿ ಅಳಿಯಿತು. ಸಾಮರ್ಥ್ಯವನ್ನು ಒಪ್ಪುವುದು ಬೇರೆ, ಸ್ಥಾನವನ್ನು ಕೊಡುವುದು ಬೇರೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಾಗಿಲ್ಲ.

ಇಂದಿನ ನಿದರ್ಶನವೂ ನಮ್ಮ ನೆರೆಯಲ್ಲಿದೆ. ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡಿನ ಟಿಬೆಟ್ಟಿನ ವಸತಿಯಲ್ಲಿರುವ ಡ್ರೆಪುಂಗ್ ವಿಹಾರದಲ್ಲಿ ೨೦೧೬ರ ಡಿಸೆಂಬರಿನಲ್ಲಿ ೨೦ ಮಂದಿ ಸಂನ್ಯಾಸಿನಿಯರಿಗೆ ದಲಾಯಿ ಲಾಮಾ ಅವರು ಗೆಶೆಮಾ ಪದವಿಯನ್ನು ಕೊಟ್ಟರು. ಬಹುವರ್ಷಗಳ ತರ್ಕಶಾಸ್ತ್ರ, ಮಾಧ್ಯಮಿಕದರ್ಶನ, ಅಭಿಧರ್ಮಗಳ ವ್ಯಾಸಂಗದ ಫಲವಾದ ಈ ಪದವಿಯು ಹಿಂದೆ ಗಂಡಸರಿಗೆ ಮೀಸಲಾಗಿತ್ತು. ಆದರೆ ಟಿಬೆಟ್ಟಿನ ಪರಂಪರೆಯಲ್ಲಿ ಭಿಕ್ಷುಣಿಯ ಉಪಸಂಪದೆಯು ನೆಲೆಗೊಂಡಿರಲಿಲ್ಲ. ೨೦೦೭ರಲ್ಲಿ ಹ್ಯಾಂಬರ್ಗಿನಲ್ಲಿ ನೆರೆದ ಸಮ್ಮೇಲನದಲ್ಲಿ ದಲಾಯಿ ಲಾಮಾ ಅವರು ತಮಗೆ ಇದರಲ್ಲಿ ಸಹಾನುಭೂತಿಯಿದ್ದರೂ ಒಬ್ಬರೇ ನಿರ್ಣಯಿಸುವ ಅಧಿಕಾರವಿಲ್ಲವೆಂದು ಹೇಳಿದ್ದರು. ಪಾಂಡಿತ್ಯದಲ್ಲಿ ಆಚಾರ್ಯಪದವಿ, ದೀಕ್ಷೆಯಲ್ಲಿ ಮೊದಲನೆಯ ಮೆಟ್ಟಿಲು: ಮುಂಡಗೋಡಿನಲ್ಲಿ ಪದವಿ ಪಡೆದ ಆ ಸ್ತ್ರೀಯರ ಸ್ಥಿತಿಯು ಇದಾಗಿತ್ತು. ಧಮ್ಮದಿನ್ನೆಯ ಪಾಂಡಿತ್ಯವುಂಟು, ಧಮ್ಮದಿನ್ನೆಯ ಸ್ಥಾನವಿಲ್ಲ.

ವಿಮರ್ಶಕನು ಭಾವಾವೇಶಕ್ಕೂ ಒಳಗಾಗಬಾರದು. ಉಪಸಂಪದೆಯು ದೊರೆತೊಡನೆ ಎಲ್ಲವೂ ಸರಿಹೋಗುವುದೆಂದು ತಿಳಿಯುವುದು ತಪ್ಪು. ಭಿಕ್ಷುವಿಗೆ ೨೨೭ ಶಿಕ್ಷಾಪದಗಳು, ಭಿಕ್ಷುಣಿಗೆ ೩೧೧. ಅವುಗಳ ಮೇಲೆ ಎಂಟು ಗುರುಧರ್ಮಗಳು. ಇದನ್ನು ಕಂಡೇ ಶ್ರೀಲಂಕೆಯ ದಶಶೀಲಮಾತೆಯರಲ್ಲಿ ಎಷ್ಟೋ ಮಂದಿ, ಭಿಕ್ಷುಗಳ ಅಧೀನಕ್ಕೆ ಸಿಕ್ಕದೆ ಈಗಿರುವಂತೆಯೇ ಇರುವುದು ಲೇಸೆಂದು ಉಪಸಂಪದೆಯನ್ನು ಬೇಡವೆಂದಿದ್ದಾರೆ. ಅವರ ಮಾತಿಗೂ ಗೌರವವಿರಬೇಕು. ಥೇರೀಗಾಥೆಯೂ ಈ ವಿಷಯದಲ್ಲಿ ಮರೆಮಾಚುವುದಿಲ್ಲ. ಪ್ರವ್ರಜಿತಳಾಗಿ ಇಪ್ಪತ್ತೈದು ವರ್ಷಗಳಾದರೂ ಚಿಟಿಕೆ ಹೊಡೆಯುವಷ್ಟು ಹೊತ್ತೂ ಚಿತ್ತಶಾಂತಿಯನ್ನು ಕಾಣಲಿಲ್ಲವೆಂದು ಅಲ್ಲಿ ಹೆಸರಿಲ್ಲದ ಒಬ್ಬ ಥೇರಿಯು ಒಪ್ಪಿಕೊಳ್ಳುತ್ತಾಳೆ. ಆದರೆ ಬೇಡವೆನ್ನುವ ಸ್ವಾತಂತ್ರ್ಯವು ಬೇಕಾದವರಿಗೆ ಕೊಡದಿರುವುದಕ್ಕೆ ಕಾರಣವಾಗಲಾರದು. ಬೇಕೇ ಬೇಡವೇ ಎಂದು ನಿರ್ಣಯಿಸತಕ್ಕವರು ಆ ಹೆಂಗಸರೇ ಹೊರತು ಬಾಗಿಲು ಕಾಯುವವರಲ್ಲ.

೭

ಮೇಲಿನ ಪರಿಶೀಲನದಿಂದ ತೋರುವುದೇನೆಂದರೆ, ತ್ರಿಪಿಟಕದಲ್ಲಿ ಈ ವಿಷಯವಾಗಿ ಎರಡು ಧ್ವನಿಗಳಿವೆ. ಒಂದು ಭಯದ ಧ್ವನಿ. ಅದು ಗುರುಧರ್ಮಗಳಲ್ಲಿಯೂ ಭವಿಷ್ಯವಾಣಿಯಲ್ಲಿಯೂ ಆನಂದನ ಮೇಲೆ ಹೊರಿಸಿದ ದೋಷದಲ್ಲಿಯೂ ಕೇಳಿಸುತ್ತದೆ. ಇನ್ನೊಂದು ಅನುಭವದ ಧ್ವನಿ. ಅದು ಆನಂದನ ಪ್ರಶ್ನೆಗೆ ಬಂದ ಉತ್ತರದಲ್ಲಿಯೂ ಥೇರಿಯರ ಗಾಥೆಗಳಲ್ಲಿಯೂ ಇದೆ. ಎರಡನ್ನೂ ಪೂರ್ವಿಕರು ಪ್ರಾಮಾಣಿಕತೆಯಿಂದ ಉಳಿಸಿಕೊಟ್ಟಿದ್ದಾರೆ. ಭಯದ ಧ್ವನಿಯನ್ನು ಗ್ರಂಥದಿಂದ ಕಿತ್ತುಹಾಕಬೇಕಾದುದಿಲ್ಲ. ಭಯಪಟ್ಟವರೇ ಅಳಿಸಲಾರದೆ ಹೋದ ಮಾತು ಯಾವುದೆಂಬುದನ್ನು ಕಂಡುಕೊಂಡರೆ ಸಾಕು. ಸ್ತ್ರೀಯು ಸಮರ್ಥಳೆಂದು ಶಾಸ್ತನೇ ಹೇಳಿದ ಮೇಲೆ, ಉಳಿದುದು ವಿಧಿಯ ಪ್ರಶ್ನೆ. ಗಂಡಸರಿಗೋಸ್ಕರ ಮೂರು ಸಲ ಕಡಲಾಚೆಯಿಂದ ಪರಿಹಾರವನ್ನು ತಂದುಕೊಂಡ ಸಂಘಕ್ಕೆ ಹೆಂಗಸರಿಗೋಸ್ಕರ ಪರಿಹಾರವಿಲ್ಲವೆಂಬುದು ಗ್ರಂಥದ ಕೊರತೆಯಲ್ಲ, ಮನಸ್ಸಿನ ಕೊರತೆ.

ಚುಲ್ಲವಗ್ಗದ ಹತ್ತನೆಯ ಖಂಧಕವನ್ನು ಓದುವವರು ಅದನ್ನು ಮುಗಿಸಿದೊಡನೆ ಥೇರೀಗಾಥೆಯನ್ನು ತೆರೆಯಬೇಕೆಂದು ನಮ್ಮ ಬಿನ್ನಹ. ಒಂದರಲ್ಲಿ ಹೆಂಗಸರ ವಿಷಯವಾಗಿ ಇತರರು ಮಾತನಾಡುತ್ತಾರೆ. ಇನ್ನೊಂದರಲ್ಲಿ ಹೆಂಗಸರೇ ಮಾತನಾಡುತ್ತಾರೆ. ಮೊದಲನೆಯದನ್ನು ಮಾತ್ರ ಓದಿ ನಿರ್ಣಯ ಕೊಡುವುದು ಪ್ರತಿವಾದಿಯನ್ನು ಕೇಳದೆ ತೀರ್ಪು ಬರೆದಂತೆ. ಪಾಲಿಸಾಹಿತ್ಯದಲ್ಲಿ ಪರಿಶ್ರಮವುಳ್ಳ ಕನ್ನಡದ ವಿದ್ವಾಂಸರು ಈ ಎರಡನ್ನೂ ಟಿಪ್ಪಣಿಸಹಿತವಾಗಿ ಒಂದೇ ಸಂಪುಟದಲ್ಲಿ ನಮ್ಮ ವಾಚಕರಿಗೆ ಒದಗಿಸಿದರೆ, ಅದರಿಂದ ಸಾಹಿತ್ಯಕ್ಕೂ ನ್ಯಾಯಬುದ್ಧಿಗೂ ಉಪಕಾರವಾಗುವುದು.